ಗಲಾಟೆ ಬೆತ್ತಲೆ ಮೈಗಲ್ಲ, ಬಿಚ್ಚಿಟ್ಟ ಬಟ್ಟೆಗೆ

ಪ್ರಶ್ನೆ: ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಚಿತ್ರಕಾರ ಕುರ್ಬೆಯ ‘ಸ್ನಾನದ ಹೆಂಗಸರು’ ಚಿತ್ರಕ್ಕೆ ಅಷ್ಟೊಂದು ಗಲಾಟೆ ಯಾಕಾಯಿತು? ಆಗ ಫ್ರಾನ್ಸಿನಲ್ಲಿ ಬೆತ್ತಲೆ ಚಿತ್ರ ಬರೆಯುವುದೇ ತಪ್ಪಾಗಿತ್ತಾ?

ಇಲ್ಲ, ತಪ್ಪಾಗಿರಲಿಲ್ಲ. ಇದನ್ನು ಎಷ್ಟು ಸಲ ಬರೆದಿದ್ದೇನೋ ನನಗೇ ಲೆಕ್ಕವಿಲ್ಲ. ‘ಆ ಕಾಲದ ಜನ ಮಡಿವಂತರು, ಬೆತ್ತಲೆ ಮೈ ಕಂಡು ಬೆಚ್ಚಿಬಿದ್ದರು’ ಅನ್ನುವ ಮಾತು ಮಾತ್ರ ಮತ್ತೆ ಮತ್ತೆ ಚಿಗುರುತ್ತದೆ. ಇವತ್ತು ಬುಡಸಮೇತ ಕಿತ್ತುಬಿಡೋಣ.

ಪ್ಯಾರಿಸ್‌ನ ಅಧಿಕೃತ ಪ್ರದರ್ಶನಕ್ಕೆ ಸಲೋಂ ಅಂತ ಹೆಸರು. ಅದರ ಗೋಡೆಗಳ ಮೇಲೆ ಬೆತ್ತಲೆ ಚಿತ್ರಗಳಿಗೆ ಬರವೇ ಇರಲಿಲ್ಲ. 1863ರಲ್ಲಿ ಕಬಾನೆಲ್ ಎಂಬ ಚಿತ್ರಕಾರ ಅಲ್ಲಿ ‘ವೀನಸ್ ಜನನ’ ಇಟ್ಟ. ಸಮುದ್ರದ ಅಲೆಯ ಮೇಲೆ ಮೈಚಾಚಿ ಮಲಗಿದ ಹೆಣ್ಣು, ಮೈಮೇಲೆ ನೂಲೆಳೆಯೂ ಇಲ್ಲ. ಅದನ್ನು ಕೊಂಡುಕೊಂಡವನು ಚಕ್ರವರ್ತಿ ಮೂರನೇ ನೆಪೋಲಿಯನ್! ಅದೇ ವರ್ಷ ಇನ್ನೊಬ್ಬ ಚಿತ್ರಕಾರ ಮಾನೆಯ ‘ಹುಲ್ಲಿನ ಮೇಲಿನ ಊಟ’ವನ್ನು ಸಲೋಂ ಒಳಗೇ ಬಿಟ್ಟುಕೊಳ್ಳಲಿಲ್ಲ. ತಿರಸ್ಕೃತ ಚಿತ್ರಗಳಿಗೆಂದೇ ಬೇರೆ ಪ್ರದರ್ಶನ ನಡೆಯಿತು. ಅಲ್ಲಿ ಜನ ಅದನ್ನು ನೋಡಿ ನಕ್ಕರು, ಬೈದರು. ಎರಡರಲ್ಲೂ ಹೆಣ್ಣು ಬೆತ್ತಲೆಯೇ ಅಲ್ವಾ?

ಮಾನೆಯ ಚಿತ್ರದ ಎಡಮೂಲೆ ನೋಡಿ. ನೀಲಿ ಉಡುಪು, ಹುಲ್ಲಿನ ಟೋಪಿ, ಪಕ್ಕದಲ್ಲಿ ಉರುಳಿದ ಹಣ್ಣಿನ ಬುಟ್ಟಿ. ಕಬಾನೆಲ್‌ನ ವೀನಸ್‌ಗೆ ಬಟ್ಟೆಯ ಗೊಡವೆಯೇ ಇಲ್ಲ, ಅವಳು ದೇವತೆ. ಈಕೆ ಈಗಷ್ಟೇ ಬಟ್ಟೆ ಬಿಚ್ಚಿಟ್ಟಿದ್ದಾಳೆ, ಸಂಜೆ ಅದನ್ನೇ ಹಾಕಿಕೊಂಡು ಪ್ಯಾರಿಸ್ಸಿಗೆ ವಾಪಸ್ ಹೋಗುವವಳು. ನೋಡುವವರಿಗೆ ಚುಚ್ಚಿದ್ದು ಅದು.

ಕುರ್ಬೆ ಇದನ್ನು ಹತ್ತು ವರ್ಷ ಮೊದಲೇ, 1853ರಲ್ಲಿ ಮಾಡಿದ್ದ. ಕಾಡಿನ ನೀರಿನಿಂದ ಎದ್ದು, ನಮಗೆ ಬೆನ್ನು ಹಾಕಿ ಹೊರಟ ದಪ್ಪ ಹೆಂಗಸು. ಮೈಯ ಮಡಿಕೆಗಳನ್ನು ಒಂದಿಷ್ಟೂ ನಯ ಮಾಡಿಲ್ಲ. ನೆಲದ ಮೇಲೆ ಕೂತ ಇನ್ನೊಬ್ಬಳ ಕಾಲುಚೀಲ ಅರ್ಧಕ್ಕೆ ಜಾರಿದೆ. ಆ ಒಂದು ಕಾಲುಚೀಲ ಸಾಕು, ಇವರು ಅಪ್ಸರೆಯರಲ್ಲ ಅನ್ನೋದಕ್ಕೆ. ಅದೂ ಎರಡು ಮೀಟರಿಗಿಂತ ಎತ್ತರದ ಚಿತ್ರ. ಅಂಥ ಅಳತೆ ದೇವರಿಗೆ, ರಾಜರಿಗೆ, ಯುದ್ಧಗಳಿಗೆ ಮೀಸಲು ಅಂತ ನಂಬಿದ್ದ ಕಾಲ ಅದು.

ಹಾಗಾದರೆ ಆ ಹೆಂಗಸರು ನಿಜವಾಗಿ ಕಾಡಿನಲ್ಲೇ ನಿಂತಿದ್ದರಾ? ಇದನ್ನು ಯಾರೂ ಕೇಳಲ್ಲ, ನನಗೆ ಮಾತ್ರ ತುಂಬ ಇಷ್ಟದ ಪ್ರಶ್ನೆ. ಹಿರಿಯ ಚಿತ್ರಕಾರ ದೆಲಕ್ರುವಾ ಚಿತ್ರ ನೋಡಿ ಬಂದು ಡೈರಿಯಲ್ಲಿ ಬರೆದಿಟ್ಟಿದ್ದಾನೆ: ಆ ನೀರು ಕಾಲು ತೊಳೆಯುವುದಕ್ಕೂ ಸಾಲದು. ಕಾಡನ್ನು ಕುರ್ಬೆ ಮೊದಲೇ ಬರೆದ ಒಂದು ಅಭ್ಯಾಸಚಿತ್ರದಿಂದ ದೊಡ್ಡದು ಮಾಡಿದ್ದಾನೆ, ಹೆಂಗಸರನ್ನು ಆಮೇಲೆ ತಂದು ಸೇರಿಸಿದ್ದಾನೆ, ಅವರಿಗೂ ಸುತ್ತಲಿನದಕ್ಕೂ ಸಂಬಂಧವೇ ಇಲ್ಲ. ಕಣ್ಣು ಅಂದರೆ ಅದು! ಚಿತ್ರ ಈಗ ಫ್ರಾನ್ಸಿನ ಮೊಂಪೆಲಿಯೆ ಊರಿನ ಫಾಬ್ರ್ ಮ್ಯೂಸಿಯಂನಲ್ಲಿದೆ. ಅದರ ಒಳ್ಳೆಯ ಫೋಟೊ ಸಿಕ್ಕರೆ, ನಿಜವಾಗಿ ಕಾಡಿನಲ್ಲೇ ನಿಂತಿದ್ದರೆ ಬೀಳಬೇಕಿದ್ದ ಎಲೆಗಳ ಹಸಿರು ಆ ಬೆನ್ನಿನ ಮೇಲೆ ಎಲ್ಲಾದರೂ ಬಿದ್ದಿದೆಯಾ ಅಂತ ನೀವೇ ಹುಡುಕಿ ನೋಡಿ.