ಗೇಮ್ ಫೋಲ್ಡರ್‌ನ ಸಿ ಇಂದ ಡಿ ಗೆ ಕಟ್ ಮಾಡಿ ಪೇಸ್ಟ್ ಮಾಡಿದ್ರೆ ಓಡತ್ತಾ?

ಪ್ರಶ್ನೆ: ಸರ್, ನನ್ನ ಸಿ ಡ್ರೈವ್ ಪೂರ್ತಿ ಕೆಂಪಗಾಗಿದೆ, 9 ಜಿಬಿ ಅಷ್ಟೇ ಉಳಿದಿರೋದು. ಡಿ ಡ್ರೈವಲ್ಲಿ ಬೇಕಾದಷ್ಟು ಜಾಗ ಖಾಲಿ ಬಿದ್ದಿದೆ. 120 ಜಿಬಿ ಗೇಮ್ ಒಂದನ್ನ ಫೋಲ್ಡರ್ ಸಮೇತ ಎತ್ತಿ ಡಿ ಗೆ ಹಾಕಿದ್ರೆ ಓಡತ್ತಾ, ಇಲ್ಲ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಡೌನ್‌ಲೋಡ್ ಮಾಡ್ಬೇಕಾ? ಸೇವ್ ಎಲ್ಲಾ ಹೋಗ್ಬಿಡತ್ತೇನೋ ಅಂತ ಭಯ.

ಉತ್ತರ: ಮತ್ತೆ ಡೌನ್‌ಲೋಡ್ ಮಾಡೋದು ಬೇಡ್ವೇ ಬೇಡ. ಆದ್ರೆ ಸುಮ್ನೆ ಕಟ್ ಮಾಡಿ ಪೇಸ್ಟ್ ಮಾಡೋದೂ ಬೇಡ. ಯಾಕೆ ಅಂತ ಒಂದ್ಸಲ ಅರ್ಥ ಆದ್ರೆ ಆಮೇಲೆ ಯಾವ ಲಾಂಚರ್ (ಗೇಮ್ ಇಳಿಸಿ ಓಡಿಸೋ ಸ್ಟೀಮ್, ಎಪಿಕ್ ಥರದ ಆ್ಯಪ್) ಬಂದ್ರೂ ನೀವೇ ಸಂಭಾಳಿಸ್ಬಹುದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ನಮಗೆ ಗೇಮ್ ಅಂದ್ರೆ ಒಂದು ಫೋಲ್ಡರ್ ಅನ್ಸತ್ತೆ, ಆದ್ರೆ ಅದು ಮೂರು ಕಡೆ ಹಂಚಿಕೊಂಡು ಕೂತಿರತ್ತೆ. ಮೊದಲನೇದು ಗೇಮಿನ ಫೈಲ್‌ಗಳು, ನಿಮ್ಮ ಆ 120 ಜಿಬಿ ಅಂದ್ರೆ ಇದೇ. ಎರಡನೇದು ಲಾಂಚರ್ ಬರೆದಿಟ್ಕೊಂಡಿರೋ ಲೆಕ್ಕ, ಅಂದ್ರೆ ಈ ಗೇಮ್ ಇಂಥ ಡ್ರೈವಲ್ಲಿ ಇಂಥ ಫೋಲ್ಡರಲ್ಲಿದೆ, ಇಷ್ಟನೇ ವರ್ಷನ್ ಆಗಿದೆ ಅನ್ನೋ ಚೀಟಿ. ಮೂರನೇದು ನಿಮ್ಮ ಸೇವ್, ಅಂದ್ರೆ ಆಟದಲ್ಲಿ ನೀವು ಎಲ್ಲಿವರೆಗೆ ಬಂದಿದ್ದೀರಿ ಅನ್ನೋ ದಾಖಲೆ. ನೀವು ಫೋಲ್ಡರ್ ಮಾತ್ರ ಎತ್ತಿ ಬೇರೆ ಕಡೆ ಇಟ್ರೆ ಚೀಟಿಲಿ ಹಳೇ ವಿಳಾಸವೇ ಇರತ್ತೆ, ಲಾಂಚರ್ ಹಳೇ ಮನೆ ಬಾಗ್ಲು ತಟ್ಟಿ ನೋಡಿ ಯಾರೂ ಇಲ್ಲ ಅಂತ ಗೊತ್ತಾಗಿ ನಿಮಗೆ ಮತ್ತೆ ಇನ್‌ಸ್ಟಾಲ್ ಬಟನ್ ತೋರಿಸತ್ತೆ. ಗೇಮ್ ಎಲ್ಲೂ ಹೋಗಿರಲ್ಲ, ಲಾಂಚರ್‌ಗೆ ಗೊತ್ತಿರಲ್ಲ ಅಷ್ಟೇ.

ಈಗ ಕೆಲಸಕ್ಕೆ ಬರೋಣ. ಸ್ಟೀಮ್ ಆದ್ರೆ ಸೆಟ್ಟಿಂಗ್ಸ್ ತೆರೆದು ಸ್ಟೋರೇಜ್‌ಗೆ ಹೋಗಿ, ಮೇಲೆ ಡ್ರೈವ್ ಹೆಸರಿರೋ ಕಡೆ ಒತ್ತಿದ್ರೆ ಹೊಸ ಡ್ರೈವ್ ಸೇರಿಸೋ ಆಯ್ಕೆ ಬರತ್ತೆ, ಡಿ ನ ಸೇರಿಸಿ. ಆಮೇಲೆ ಸಿ ಪಟ್ಟಿಲಿ ಆ ಗೇಮಿಗೆ ಟಿಕ್ ಹಾಕಿ ಮೂವ್ ಒತ್ತಿ. ಅಷ್ಟೇ. ಫೈಲನ್ನೂ ಅದೇ ಸಾಗಿಸತ್ತೆ, ಚೀಟಿಯನ್ನೂ ಅದೇ ತಿದ್ದತ್ತೆ. ಸಾಗಿಸ್ತಾ ಇರುವಾಗ ಕಂಪ್ಯೂಟರ್ ಸ್ಲೀಪ್‌ಗೆ ಹೋಗದ ಹಾಗೆ ನೋಡ್ಕೊಳ್ಳಿ.

ಎಪಿಕ್‌ದು ಸ್ವಲ್ಪ ಬೇರೆ. ಅಲ್ಲಿ ತುಂಬ ಕಾಲ ಮೂವ್ ಅನ್ನೋ ಬಟನ್ನೇ ಇರ್ಲಿಲ್ಲ, ಹಾಗಾಗಿ ಜನ ಒಂದು ಉಪಾಯ ಮಾಡ್ತಿದ್ರು, ಅದು ಈಗ್ಲೂ ಕೆಲಸ ಮಾಡತ್ತೆ, ಯಾಕೆಂದ್ರೆ ಅದರ ತತ್ವ ಸರಳ. ಗೇಮ್ ಫೋಲ್ಡರ್‌ನ ಮೊದ್ಲು ಡಿ ಗೆ ಬೇರೆ ಹೆಸರಲ್ಲಿ ಕಾಪಿ ಮಾಡಿ ಇಟ್ಕೊಳ್ಳೋದು, ಲಾಂಚರಿಂದ ಅನ್‌ಇನ್‌ಸ್ಟಾಲ್ ಮಾಡೋದು, ಆಮೇಲೆ ಡಿ ಗೇ ಇನ್‌ಸ್ಟಾಲ್ ಶುರು ಮಾಡಿ ಒಂದೆರಡು ಪರ್ಸೆಂಟ್ ಆಗ್ತಿದ್ದ ಹಾಗೆ ನಿಲ್ಲಿಸಿ ಲಾಂಚರ್ ಮುಚ್ಚೋದು, ಕಾಪಿ ಮಾಡಿಟ್ಟಿದ್ದನ್ನ ಹೊಸ ಫೋಲ್ಡರ್ ಒಳಗೆ ಸುರಿದು ಮತ್ತೆ ಡೌನ್‌ಲೋಡ್ ಮುಂದುವರಿಸೋದು. ಆಗ ಅದು ಇರೋ ಫೈಲ್‌ಗಳನ್ನ ತಾಳೆ ನೋಡಿ ಕಮ್ಮಿ ಬಿದ್ದಿದ್ದನ್ನ ಮಾತ್ರ ಇಳಿಸ್ಕೊಳತ್ತೆ.

ಈ ತಾಳೆ ನೋಡೋ ಗುಣ ಸ್ಟೀಮಲ್ಲೂ ಇದೆ. ನೀವು ಈಗಾಗ್ಲೇ ಗಾಬರಿಲಿ ಕಟ್ ಮಾಡಿ ಪೇಸ್ಟ್ ಮಾಡ್ಬಿಟ್ಟಿದ್ರೂ ಏನೂ ಹಾಳಾಗಿಲ್ಲ: ಡಿ ಡ್ರೈವಿನ ಸ್ಟೀಮ್ ಲೈಬ್ರರಿಲಿ ಸ್ಟೀಮ್‌ಆ್ಯಪ್ಸ್ ಅಂತ ಫೋಲ್ಡರ್ ಇರತ್ತೆ, ಅದರೊಳಗೆ ಕಾಮನ್ ಅಂತ ಇನ್ನೊಂದು. ಗೇಮ್ ಫೋಲ್ಡರ್‌ನ ಹೆಸರು ಒಂದಕ್ಷರವೂ ಬದಲಾಯಿಸ್ದೆ ಅಲ್ಲಿಡಿ, ಇನ್‌ಸ್ಟಾಲ್ ಒತ್ತಿ ಡಿ ಆರಿಸಿ. ಡೌನ್‌ಲೋಡ್ ಶುರುವಾಗೋ ಬದ್ಲು ಇರೋ ಫೈಲ್‌ಗಳನ್ನ ಹುಡುಕ್ತಿದೀನಿ ಅಂತ ತೋರಿಸತ್ತೆ. ಡಿಸ್ಕ್ ವೇಗದ ಮೇಲೆ ಹೊತ್ತು ಹಿಡಿಯತ್ತೆ, ಆದ್ರೆ 120 ಜಿಬಿ ಡೇಟಾ ಉಳಿಯತ್ತೆ.

ಬ್ಯಾಟಲ್‌ನೆಟ್‌ಲಿ ಫೋಲ್ಡರ್ ಜಾಗ ಬದಲಾಯಿಸಿ, ಲಾಂಚರಲ್ಲಿ ಗೇಮ್ ಎಲ್ಲಿದೆ ತೋರಿಸಿ ಅನ್ನೋ ಲಿಂಕ್ ಒತ್ತಿ ಹೊಸ ಜಾಗ ತೋರಿಸಿದ್ರೆ ಸಾಕು. ಗಾಗ್ ಅಂತೂ ಇನ್ನೂ ಸುಲಭ, ಅಲ್ಲಿನ ಗೇಮ್‌ಗಳಿಗೆ ಬೀಗ (ಕಾಪಿ ತಡೆ) ಇಲ್ಲ, ಫೋಲ್ಡರ್‌ನ ಇಂಪೋರ್ಟ್ ಮಾಡಿದ್ರೆ ಆಯ್ತು. ಎಕ್ಸ್‌ಬಾಕ್ಸ್ ಆ್ಯಪ್‌ನ ಗೇಮ್‌ಗಳನ್ನ ಮಾತ್ರ ಫೈಲ್ ಎಕ್ಸ್‌ಪ್ಲೋರರಲ್ಲಿ ಮುಟ್ಟೋಕೆ ಹೋಗ್ಬೇಡಿ, ಪರ್ಮಿಷನ್ ಸಿಕ್ಕು ಬಿಡಿಸೋದ್ರಲ್ಲೇ ದಿನ ಹೋಗತ್ತೆ, ವಿಂಡೋಸ್ ಸೆಟ್ಟಿಂಗ್ಸಲ್ಲಿ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಲಿ ಮೂವ್ ಇರತ್ತೆ, ಅಲ್ಲಿಂದ್ಲೇ ಮಾಡಿ.

ಇನ್ನು ಸೇವ್ ವಿಷ್ಯ. ಇಲ್ಲಿ ದಯವಿಟ್ಟು ನಿಧಾನಕ್ಕೆ ಓದಿ, ಯಾಕೆಂದ್ರೆ ಗೇಮ್ ಹೋದ್ರೆ ಮತ್ತೆ ಇಳಿಸ್ಬಹುದು, ನೀವು ಎಷ್ಟೋ ರಾತ್ರಿ ಕೂತು ಆಡಿದ್ದು ಯಾವ ಸರ್ವರಲ್ಲೂ ಸಿಗದೇ ಇರಬಹುದು. ಸಾಮಾನ್ಯವಾಗಿ ಸೇವ್ ಇರೋದು ಗೇಮ್ ಫೋಲ್ಡರಲ್ಲಲ್ಲ. ಡಾಕ್ಯುಮೆಂಟ್ಸ್ ಒಳಗಿನ ಮೈ ಗೇಮ್ಸ್, ಯೂಸರ್ ಫೋಲ್ಡರಿನ ಸೇವ್ಡ್ ಗೇಮ್ಸ್, ಇಲ್ಲಾಂದ್ರೆ ಆ್ಯಪ್‌ಡೇಟಾ ಅನ್ನೋ ಕಣ್ಣಿಗೆ ಕಾಣದ ಫೋಲ್ಡರು. ಯೂನಿಟಿ ಅನ್ನೋ ಗೇಮ್ ತಯಾರಿಸೋ ಸಾಫ್ಟ್‌ವೇರಲ್ಲಿ ಮಾಡಿದ ಗೇಮ್ ಆದ್ರೆ ಹೆಚ್ಚಾಗಿ ಆ್ಯಪ್‌ಡೇಟಾದ ಲೋಕಲ್‌ಲೋ ಒಳಗೆ, ಅದೇ ಥರದ ಅನ್‌ರಿಯಲ್ ಎಂಜಿನ್ ಆದ್ರೆ ಲೋಕಲ್ ಒಳಗೆ ಗೇಮ್ ಹೆಸರಿನ ಫೋಲ್ಡರು, ಅದರೊಳಗೆ ಸೇವ್ಡ್, ಅದರೊಳಗೆ ಸೇವ್‌ಗೇಮ್ಸ್. ಇವೆಲ್ಲಾ ಸಿ ಡ್ರೈವಲ್ಲೇ ಇರತ್ತೆ, ನೀವು ಗೇಮ್‌ನ ಡಿ ಗೆ ಸಾಗಿಸಿದ್ರೂ ಅಲ್ಲಾಡಲ್ಲ. ಹಾಗಾಗಿ ನಿಮ್ಮ ಭಯ ನೂರಕ್ಕೆ ತೊಂಬತ್ತು ಪಾಲು ಬೇಡದ ಭಯ.

ಉಳಿದ ಹತ್ತು ಪಾಲು ಹಳೇ ಗೇಮ್‌ಗಳದ್ದು. ಇವುಗಳಲ್ಲಿ ಕೆಲವು ತಮ್ಮ ಫೋಲ್ಡರ್ ಒಳಗೇ ಸೇವ್ ಅಂತ ಒಂದು ಫೋಲ್ಡರ್ ಮಾಡ್ಕೊಂಡು ಬರೆದಿಡ್ತಾವೆ. ನಾನು ಒಂದ್ಸಲ ಜಾಗ ಬೇಕು ಅಂತ ಅಂಥ ಒಂದು ಹಳೇ ಗೇಮಿನ ಫೋಲ್ಡರ್‌ನ ಪೂರ್ತಿ ಡಿಲೀಟ್ ಮಾಡಿದ್ದೆ, ಶಿಫ್ಟ್ ಒತ್ತಿ, ರೀಸೈಕಲ್ ಬಿನ್‌ಗೂ ಹೋಗದ ಹಾಗೆ. ವಾರ ಬಿಟ್ಟು ಮತ್ತೆ ಹಾಕಿ ತೆರೆದ್ರೆ ಮೆನುಲಿ ಕಂಟಿನ್ಯೂ ಅನ್ನೋದೇ ಮಸುಕಾಗಿ ಕೂತಿತ್ತು. ಆ ಮಸುಕು ಅಕ್ಷರ ಈಗ್ಲೂ ಕಣ್ಮುಂದೆ ಇದೆ. ಅವತ್ತಿಂದ ಯಾವ ಗೇಮ್ ಮುಟ್ಟೋ ಮೊದ್ಲೂ ಸೇವ್ ಎಲ್ಲಿದೆ ಅಂತ ಹುಡುಕಿ ಒಂದು ನಕಲು ತೆಗೆದಿಡ್ತೀನಿ. ಕ್ಲೌಡ್ ಸೇವ್ (ಇಂಟರ್ನೆಟ್ಟಿನ ಸರ್ವರಲ್ಲಿ ಇರೋ ಸೇವ್ ನಕಲು) ಇದೆ ಅಂತ ಪೂರ್ತಿ ನಂಬ್ಕೋಬೇಡಿ, ಎಲ್ಲಾ ಗೇಮ್‌ಗೂ ಅದು ಇರಲ್ಲ.

ಇನ್ನೊಂದು ವಿಷ್ಯ, ನಿಮ್ಮ ಸಿ ಮತ್ತು ಡಿ ಬೇರೆ ಬೇರೆ ಡಿಸ್ಕಾ, ಇಲ್ಲ ಒಂದೇ ಡಿಸ್ಕಿನ ಎರಡು ಭಾಗಾನಾ? ಎಷ್ಟೋ ಜನ ಇದನ್ನ ನೋಡಿರೋದೇ ಇಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ಗೆ ಹೋಗಿ, ಎಡಗಡೆ ಡಿಸ್ಕ್ 0 ಅಂತ ಇದ್ದು ಪಕ್ಕದಲ್ಲೇ ಸಿ, ಡಿ ಎರಡೂ ಇದ್ರೆ ಅದು ಒಂದೇ ಡಿಸ್ಕು, ಗೇಮ್ ಎಲ್ಲಿಟ್ರೂ ವೇಗ ಒಂದೇ. ಡಿಸ್ಕ್ 1 ಅಂತ ಬೇರೆ ಇದ್ರೆ ಅದರ ಕೆಳಗೆ ಎಸ್‌ಎಸ್‌ಡಿನಾ (ಚಿಪ್ಪಲ್ಲಿ ಬರೆದಿಡೋ ವೇಗದ ಡಿಸ್ಕು) ಎಚ್‌ಡಿಡಿನಾ (ಹಾರ್ಡ್ ಡಿಸ್ಕು) ಅಂತ ಬರೆದಿರತ್ತೆ, ಆಗ ಯೋಚ್ನೆ ಮಾಡ್ಬೇಕು.

ಯಾಕೆ ಯೋಚ್ನೆ ಅಂದ್ರೆ, ಹಾರ್ಡ್ ಡಿಸ್ಕ್ ಒಳಗೆ ನಿಜವಾಗ್ಲೂ ಒಂದು ತಟ್ಟೆ ತಿರುಗ್ತಾ ಇರತ್ತೆ. 7200 ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ 7200 ಸುತ್ತು ತಿರುಗೋ ಡಿಸ್ಕಲ್ಲಿ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಒಂದು ಫೈಲ್ ಇಲ್ಲಿ, ಇನ್ನೊಂದು ಅಲ್ಲಿ ಅಂತ ಇದ್ರೆ ಪ್ರತಿ ಸಲ ಅದರ ತೋಳು ಸರಿದು, ಬೇಕಾದ ಜಾಗ ತಿರುಗಿ ಬರೋವರೆಗೂ ಕಾಯ್ಬೇಕು. ದೊಡ್ಡ ಸಿನಿಮಾ ಫೈಲ್ ಓದೋಕೆ ತೊಂದ್ರೆ ಇಲ್ಲ, ಆದ್ರೆ ಗೇಮ್ ಕೇಳೋದು ಸಾವಿರಾರು ಚೂರು. ಎಸ್‌ಎಸ್‌ಡಿಲಿ ತಿರುಗೋದೇನೂ ಇಲ್ಲ, ಹಳೇ ಥರದ ಸಾಟಾ ಎಸ್‌ಎಸ್‌ಡಿನೇ ಸೆಕೆಂಡಿಗೆ 550 ಎಂಬಿ ಹತ್ರ ಓದತ್ತೆ, ಅದಕ್ಕಿಂತ ವೇಗದ ಪಿಸಿಐಇ 4.0 ಎನ್‌ವಿಎಂಇ ಥರದ ಎಸ್‌ಎಸ್‌ಡಿ ಆದ್ರೆ 7000 ಎಂಬಿವರೆಗೂ ಹೋಗತ್ತೆ.

ಹಾರ್ಡ್ ಡಿಸ್ಕಿನ ಈ ಕಾಯೋ ಕಾಟ ತಪ್ಪಿಸೋಕೇ ಡೆವಲಪರ್‌ಗಳು ಒಂದೇ ಫೈಲ್‌ನ ಹತ್ತಾರು ಕಡೆ ನಕಲು ಮಾಡಿ ಇಡ್ತಿದ್ರು, ತೋಳು ದೂರ ಓಡ್ಬಾರ್ದು ಅಂತ. ಗೇಮ್ ಸೈಜ್ ಉಬ್ಬೋಕೆ ಇದೂ ಒಂದು ಕಾರಣ. ಹೆಲ್‌ಡೈವರ್ಸ್ 2 ನೋಡಿ, ಪಿಸಿಲಿ 154 ಜಿಬಿ ಇತ್ತು, ಅದೇ ಗೇಮ್ ಕನ್ಸೋಲಲ್ಲಿ ಅದರ ಕಾಲು ಭಾಗವೋ ಏನೋ. 2025ರ ಕೊನೇಲಿ ಆರೋಹೆಡ್ ಸ್ಟುಡಿಯೋದವರು ಈ ನಕಲುಗಳನ್ನ ಕಿತ್ತು ಹಾಕಿ 23 ಜಿಬಿಗೆ ಇಳಿಸಿದ್ರು. 131 ಜಿಬಿ ಬರೀ ನಕಲು! ಅದಕ್ಕಿಂತ ಮುಖ್ಯ, ನಕಲು ತೆಗೆದ್ರೆ ಹಾರ್ಡ್ ಡಿಸ್ಕಲ್ಲಿ ಲೋಡಿಂಗ್ ತುಂಬ ನಿಧಾನ ಆಗತ್ತೆ ಅಂತ ಅಂದ್ಕೊಂಡಿದ್ದೋರಿಗೆ ಅಳೆದು ನೋಡಿದಾಗ ಕೆಲವೇ ಸೆಕೆಂಡ್ ವ್ಯತ್ಯಾಸ ಸಿಕ್ತು, ಯಾಕೆಂದ್ರೆ ಹೆಚ್ಚಿನ ಹೊತ್ತು ಹೋಗ್ತಿದ್ದಿದ್ದು ಆಟದ ಮೈದಾನ ಕಟ್ಟೋದ್ರಲ್ಲಿ, ಡಿಸ್ಕ್ ಓದೋದ್ರಲ್ಲಲ್ಲ. ಬೇರೆಯವರೂ ಹೀಗೆ ಅಳೆದು ನೋಡ್ಲಿ ಅಂತ ನನ್ನ ಆಸೆ, ನಮ್ಮ ಡಿಸ್ಕ್‌ಗಳು ಅವರ ಅಂದಾಜಿನ ಭಾರ ಹೊರಬಾರ್ದು.

ಹಾಗಾಗಿ ಡಿ ನಿಮ್ಮದು ಹಾರ್ಡ್ ಡಿಸ್ಕ್ ಆದ್ರೆ ಯಾವ ಗೇಮ್ ಅನ್ನೋದು ಮುಖ್ಯ. ಸ್ಟಾರ್‌ಫೀಲ್ಡ್, ಬಾಲ್ಡರ್ಸ್ ಗೇಟ್ 3 ಥರದವು ಕನಿಷ್ಠ ಅಗತ್ಯದಲ್ಲೇ ಎಸ್‌ಎಸ್‌ಡಿ ಬೇಕು ಅಂತ ಬರೆದಿದ್ದಾವೆ, ಮೊದಲನೇದಕ್ಕೆ 125 ಜಿಬಿ, ಎರಡನೇದಕ್ಕೆ 150. ಇವನ್ನ ಹಾರ್ಡ್ ಡಿಸ್ಕಿಗೆ ಹಾಕಿದ್ರೆ ಓಡೋಕೆ ಓಡ್ಬಹುದು, ಆದ್ರೆ ಹೊಸ ಜಾಗಕ್ಕೆ ಹೋದ ಕೂಡ್ಲೇ ಗೋಡೆಗೆ ಬಣ್ಣ ಬರೋದು ತಡ, ಮಾತು ತಡ, ನಡೀತಾ ನಡೀತಾ ಗಕ್ ಅಂತ ನಿಲ್ಲೋದು. ಅದೇ ಹಳೇ ಗೇಮ್, ಚಿಕ್ಕ ಟು-ಡಿ ಗೇಮ್, ಕಾರ್ಡ್ ಗೇಮ್ ಇವೆಲ್ಲಾ ಹಾರ್ಡ್ ಡಿಸ್ಕಲ್ಲಿ ಆರಾಮಾಗಿರ್ತಾವೆ. ನಾನು ಮಾಡೋದು ಇಷ್ಟೇ: ಸದ್ಯಕ್ಕೆ ಆಡ್ತಾ ಇರೋ ದೊಡ್ಡ ಗೇಮ್ ಎಸ್‌ಎಸ್‌ಡಿಲಿ, ಮುಗಿಸಿದ್ದು ಆದ್ರೆ ಬಿಡೋಕೆ ಮನಸ್ಸಿಲ್ಲದ್ದು ಹಾರ್ಡ್ ಡಿಸ್ಕಲ್ಲಿ. ಮತ್ತೆ ಆಡೋ ಮನಸ್ಸಾದಾಗ ವಾಪಸ್ ಮೂವ್ ಮಾಡ್ತೀನಿ, ಡೌನ್‌ಲೋಡಿಗಿಂತ ಅದು ಎಷ್ಟೋ ಬೇಗ.

ಹೀಗೆ ಅತ್ತಿಂದಿತ್ತ ಸಾಗಿಸಿದ್ರೆ ಎಸ್‌ಎಸ್‌ಡಿ ಸವೆಯಲ್ವಾ ಅಂತ ಕೇಳ್ತಾರೆ. ಸವೆಯತ್ತೆ, ಆದ್ರೆ ಲೆಕ್ಕ ಹಾಕಿ. 1 ಟಿಬಿಯ ಒಳ್ಳೇ ಎಸ್‌ಎಸ್‌ಡಿಗೆ 600 ಟಿಬಿ ಬರೆಯೋವರೆಗೂ ವಾರಂಟಿ ಕೊಡೋದು ಸಾಮಾನ್ಯ. ನಿಮ್ಮ 120 ಜಿಬಿ ಗೇಮ್‌ನ ಅದಕ್ಕೆ 5000 ಸಲ ಬರೆದ್ರೆ ಆ ಮಿತಿ ಮುಟ್ಟತ್ತೆ. ದಿನಕ್ಕೊಂದ್ಸಲ ಅಂದ್ರೂ ಹದಿಮೂರು ವರ್ಷ ಮೀರತ್ತೆ. ಈ ಚಿಂತೆ ಬಿಟ್ಬಿಡಿ.

ಅದಕ್ಕಿಂತ ಚಿಂತೆ ಮಾಡ್ಬೇಕಾದ್ದು ಖಾಲಿ ಜಾಗ. 9 ಜಿಬಿಲಿ ವಿಂಡೋಸ್ ಉಸಿರಾಡೋದೇ ಕಷ್ಟ, ಅಪ್‌ಡೇಟ್ ಬಂದ್ರೆ ನಿಲ್ಲತ್ತೆ. ಗೇಮ್‌ಗಳ ಅಪ್‌ಡೇಟೂ ಹಾಗೇ, ಡೌನ್‌ಲೋಡ್ 2 ಜಿಬಿ ಅಂತ ತೋರಿಸಿ 60 ಜಿಬಿ ಜಾಗ ಕೇಳೋದಿದೆ, ಯಾಕೆಂದ್ರೆ ದೊಡ್ಡ ಫೈಲಿನ ನಡುವೆ ಸ್ವಲ್ಪ ಬದಲಾದ್ರೂ ಇಡೀ ಫೈಲ್‌ನ ಪಕ್ಕದಲ್ಲಿ ಹೊಸದಾಗಿ ಕಟ್ಟಿ ಆಮೇಲೆ ಹಳೇದನ್ನ ಅಳಿಸತ್ತೆ. ಡ್ರೈವಲ್ಲಿ ಹತ್ತರಿಂದ ಹದಿನೈದು ಪರ್ಸೆಂಟ್ ಖಾಲಿ ಬಿಡಿ. ಅಂದಹಾಗೆ 1 ಟಿಬಿ ತಗೊಂಡ್ರೆ ವಿಂಡೋಸಲ್ಲಿ 931 ಜಿಬಿ ಕಾಣೋದು ಮೋಸ ಅಲ್ಲ, ತಯಾರಕರು 1000ದ ಲೆಕ್ಕ ಹಾಕ್ತಾರೆ, ವಿಂಡೋಸ್ 1024ರ ಲೆಕ್ಕ ಹಾಕತ್ತೆ.

ಡಿ ಬದ್ಲು ಹೊರಗಿನ ಡ್ರೈವಲ್ಲಿ ಇಡೋ ಯೋಚ್ನೆ ಇದ್ರೆ ಎರಡು ಮಾತು. ವಿಂಡೋಸಲ್ಲಾದ್ರೆ ಎನ್‌ಟಿಎಫ್‌ಎಸ್‌ಗೆ (ಡಿಸ್ಕಲ್ಲಿ ಫೈಲ್ ಜೋಡಿಸಿಡೋ ಒಂದು ಪದ್ಧತಿ) ಫಾರ್ಮ್ಯಾಟ್ ಮಾಡಿ, ಹಳೇ ಫ್ಯಾಟ್32 ಪದ್ಧತಿ ಆದ್ರೆ 4 ಜಿಬಿಗಿಂತ ದೊಡ್ಡ ಒಂದು ಫೈಲೂ ಹಿಡಿಯಲ್ಲ, ಇವತ್ತಿನ ಗೇಮ್‌ಗಳಲ್ಲಿ ಅಂಥ ಫೈಲ್ ಬೇಕಾದಷ್ಟಿರತ್ತೆ. ಫಾರ್ಮ್ಯಾಟ್ ಮಾಡಿದ್ರೆ ಒಳಗಿರೋದೆಲ್ಲಾ ಅಳಿಸಿ ಹೋಗತ್ತೆ, ಮರೀಬೇಡಿ. ಇನ್ನೊಂದು ಡ್ರೈವ್ ಅಕ್ಷರ. ಇವತ್ತು ಇ ಅಂತ ಬಂದ ಡ್ರೈವ್ ನಾಳೆ ಬೇರೆ ಪೆನ್‌ಡ್ರೈವ್ ಮೊದ್ಲು ಚುಚ್ಚಿದ್ರೆ ಎಫ್ ಆಗ್ಬಹುದು, ಲಾಂಚರ್ ಚೀಟಿಲಿ ಇ ಅಂತ ಇರೋದ್ರಿಂದ ಎಲ್ಲಾ ಗೇಮ್ ಮಾಯ. ಡಿಸ್ಕ್ ಮ್ಯಾನೇಜ್‌ಮೆಂಟಲ್ಲಿ ಆ ಡ್ರೈವಿಗೆ ಎಕ್ಸ್ ಅಂತಲೋ ವೈ ಅಂತಲೋ ಕೊನೇ ಅಕ್ಷರ ಕೊಟ್ಬಿಡಿ, ಆ ಕಾಟ ಇರಲ್ಲ. ಪಿಎಸ್5 ಇರೋರಿಗೆ: ಯುಎಸ್‌ಬಿ ಡ್ರೈವಲ್ಲಿ ಪಿಎಸ್5 ಗೇಮ್‌ನ ಇಟ್ಕೋಬಹುದು, ಅಲ್ಲಿಂದ ಆಡೋಕಾಗಲ್ಲ, ಪಿಎಸ್4 ಗೇಮ್ ಆಡ್ಬಹುದು.

ವಿಂಡೋಸ್ ಹೊಸದಾಗಿ ಹಾಕೋ ದಿನ ಬಂದ್ರೆ ಈ ಡಿ ಡ್ರೈವ್ ಪದ್ಧತಿ ನಿಮ್ಮ ಕೈ ಹಿಡಿಯತ್ತೆ. ಸ್ಟೀಮ್ ತನ್ನ ಚೀಟಿಗಳನ್ನ ಲೈಬ್ರರಿ ಜೊತೆಗೇ ಇಡತ್ತೆ, ಸಿ ಅಳಿಸಿ ಸ್ಟೀಮ್ ಹೊಸದಾಗಿ ಹಾಕಿ ಡಿ ಸೇರಿಸಿದ್ರೆ ಗೇಮ್‌ಗಳೆಲ್ಲಾ ಇದ್ದ ಹಾಗೇ ಬಂದು ಕೂರ್ತಾವೆ. ಎಪಿಕ್ ಚೀಟಿ ಇಡೋದು ಸಿ ಡ್ರೈವಿನ ಪ್ರೋಗ್ರಾಂಡೇಟಾದಲ್ಲಿ, ಹಾಗಾಗಿ ಅದಕ್ಕೆ ಮೇಲೆ ಹೇಳಿದ ಉಪಾಯವೇ ಗತಿ. ಸೇವ್‌ಗಳಂತೂ ಸಿ ಲೇ ಇರೋದ್ರಿಂದ ಅಳಿಸೋ ಮೊದ್ಲು ಡಾಕ್ಯುಮೆಂಟ್ಸ್, ಸೇವ್ಡ್ ಗೇಮ್ಸ್, ಆ್ಯಪ್‌ಡೇಟಾ ಮೂರನ್ನೂ ಬೇರೆ ಕಡೆ ನಕಲು ಮಾಡ್ಲೇಬೇಕು.

ಸರಿ, ಇವತ್ತು ನೀವು ಮಾಡ್ಬೇಕಾದ್ದು: ಸೇವ್ ಫೋಲ್ಡರ್ ಹುಡುಕಿ ಡಿ ಲಿ ಒಂದು ನಕಲು ಇಡಿ, ಟಾಸ್ಕ್ ಮ್ಯಾನೇಜರಲ್ಲಿ ಡಿ ಯಾವ ಥರದ್ದು ನೋಡಿ, ಲಾಂಚರಿಂದ್ಲೇ ಮೂವ್ ಮಾಡಿ, ಮುಗಿದ ಮೇಲೆ ಗೇಮ್ ತೆರೆದು ಕಂಟಿನ್ಯೂ ಒತ್ತಿ ನೀವು ಬಿಟ್ಟ ಜಾಗಕ್ಕೇ ಬಂತಾ ಅಂತ ಕಣ್ಣಾರೆ ನೋಡಿ. ಬಂದಿದ್ರೂ ಆ ನಕಲು ಅಳಿಸ್ಬೇಡಿ, ಸೇವ್‌ಗಳು ಹೆಚ್ಚಾಗಿ ಕೆಲವೇ ಎಂಬಿ ಇರ್ತಾವೆ.