ಹಳೇ ಚಾರ್ಜರ್‌ಗೆ ಹೊಸ ಗನ್ ಹಾಕಿದರೆ ಆಗಲ್ವಾ?

ಪ್ರಶ್ನೆ: ನಮ್ಮ ಆಫೀಸಿನ ಬೇಸ್‌ಮೆಂಟಲ್ಲಿ ಎಲೆಕ್ಟ್ರಿಕ್ ಕಾರಿನ ಹಳೇ ಭಾರತ್ ಡಿಸಿ-001 ಚಾರ್ಜರ್ ಇದೆ. ಕರೆಂಟ್ ಇದೆ, ಪರದೆಯೂ ಆನ್ ಆಗುತ್ತೆ, ಆದ್ರೆ ಅದರ ಗನ್ (ಕಾರಿಗೆ ಚುಚ್ಚೋ ಪ್ಲಗ್) ನನ್ನ ನೆಕ್ಸಾನ್ ಇವಿಗೆ ಕೂರಲ್ಲ. ನನ್ನ ಕಾರಿಗೆ ಹೊಂದೋ ಸಿಸಿಎಸ್-2 ಗನ್ ಹಾಕಿಸಿದ್ರೆ ಸಾಕಲ್ವಾ? ಅಥವಾ ಒಂದು ಅಡಾಪ್ಟರ್?

ಸಾಕಾಗುವುದಿಲ್ಲ. ಅಡಾಪ್ಟರ್ ತಂದರೂ ಆಗುವುದಿಲ್ಲ. ಈ ಪ್ರಶ್ನೆಗೆ ಉತ್ತರ ಬರೆದು ಬರೆದು ಬೇಜಾರಾಗಿದೆ. ಆದರೂ ಇನ್ನೊಮ್ಮೆ ಹೇಳುತ್ತೇನೆ, ಏಕೆಂದರೆ "ಗನ್ ಒಂದೇ ತಾನೇ ಬೇರೆ" ಅನ್ನುವ ನಂಬಿಕೆ ಮಾತ್ರ ಸಾಯುತ್ತಲೇ ಇಲ್ಲ.

ಆ ಪೆಟ್ಟಿಗೆ ಯಾರಿಗಾಗಿ ಬಂತು ನೋಡಿ. 2017ರಲ್ಲಿ ಸರ್ಕಾರಿ ಇಲಾಖೆಗಳಿಗಾಗಿ ಕೇಂದ್ರದ ಇಂಧನ ಉಳಿತಾಯ ಕಂಪನಿ ಇಇಎಸ್ಎಲ್ 10,000 ಎಲೆಕ್ಟ್ರಿಕ್ ಕಾರುಗಳಿಗೆ ಟೆಂಡರ್ ಕರೆದಿತ್ತು. ಆಗಿನ ಇ-ವೆರಿಟೊ, ಹಳೇ ಟಿಗೋರ್ ಇವಿ ಎಲ್ಲ 72 ವೋಲ್ಟ್ ಆಸುಪಾಸಿನ ಗಾಡಿಗಳು. ಅವುಗಳಿಗೆ ಹೊಂದುವಂತೆ ಡಿಸಿ-001 ಮಾಡಿದರು: ಹೆಚ್ಚೆಂದರೆ 15 ಕಿಲೋವ್ಯಾಟ್, ಚೀನಾದ ಜಿಬಿ/ಟಿ ಮಾನದಂಡದ ಗನ್. 2020ರ ಜನವರಿಯಲ್ಲಿ ಬಂದ ನೆಕ್ಸಾನ್ ಇವಿಯ ಬ್ಯಾಟರಿ 300 ವೋಲ್ಟಿಗಿಂತ ಮೇಲಿನದು. ಸಂಪ್ ನೀರು ಮೂರನೇ ಮಹಡಿಯ ಟ್ಯಾಂಕಿಗೆ ಏರುತ್ತಿಲ್ಲ ಅಂತ ಪೈಪ್ ಬದಲಾಯಿಸಿದರೆ ಏನು ಬಂತು? ಮೋಟಾರಿಗೇ ಶಕ್ತಿ ಇಲ್ಲವಲ್ಲ.

ಸರಿ, ವೋಲ್ಟೇಜ್ ಹೇಗೋ ಏರಿಸಿದಿರಿ ಅಂದುಕೊಳ್ಳಿ. ಆಗಲೂ ಚಾರ್ಜ್ ಆಗುವುದಿಲ್ಲ. ಡಿಸಿ ಚಾರ್ಜಿಂಗಲ್ಲಿ ಕಾರು ಪ್ರತಿ ಕ್ಷಣ "ಇಷ್ಟು ವೋಲ್ಟ್ ಕೊಡು, ಇಷ್ಟು ಆಂಪಿಯರ್ ಸಾಕು, ಈಗ ನಿಲ್ಲಿಸು" ಅಂತ ಚಾರ್ಜರ್‌ಗೆ ಹೇಳುತ್ತಿರಬೇಕು. ಜಿಬಿ/ಟಿಯಲ್ಲಿ ಈ ಮಾತುಕತೆ ಕ್ಯಾನ್ ಬಸ್ ಅನ್ನುವ ಬೇರೆಯೇ ಸಂದೇಶ ತಂತಿಗಳಲ್ಲಿ ನಡೆಯುತ್ತದೆ. ಸಿಸಿಎಸ್‌ನಲ್ಲಿ ಗನ್ನಿನ ಕಂಟ್ರೋಲ್ ಪೈಲಟ್ ಅನ್ನುವ ಪಿನ್ ಮೇಲೇ ಪಿಎಲ್‌ಸಿ (ಪವರ್ ಲೈನ್ ಕಮ್ಯುನಿಕೇಶನ್) ಸಿಗ್ನಲ್ ಓಡುತ್ತದೆ. ಒಂದರ ಮಾತು ಇನ್ನೊಂದಕ್ಕೆ ತಿಳಿಯದಿದ್ದರೆ ಕಾರು ತನ್ನ ಕಾಂಟ್ಯಾಕ್ಟರ್ (ಬ್ಯಾಟರಿಗೆ ಕರೆಂಟ್ ಬಿಡುವ ದೊಡ್ಡ ಸ್ವಿಚ್) ಆನ್ ಮಾಡುವುದೇ ಇಲ್ಲ. ಅದು ತೊಂದರೆಯಲ್ಲ ಸ್ವಾಮಿ, ನಿಮ್ಮ ಜೀವ ಉಳಿಸುವ ವ್ಯವಸ್ಥೆ. ಅದನ್ನು ಸುಮ್ನೆ ಬೈಪಾಸ್ ಮಾಡಿಕೊಡುತ್ತೇನೆ ಅನ್ನುವ ಮೆಕ್ಯಾನಿಕ್ ಸಿಕ್ಕರೆ ದೂರ ಇರಿ.

ಹಾಗಾದರೆ ಗನ್ ಬದಲಾವಣೆ ಎಲ್ಲೂ ಆಗಲ್ವಾ? ಆಗುತ್ತದೆ. ಹೆದ್ದಾರಿ ಬದಿಯ ಹಳೇ 50 ಕಿಲೋವ್ಯಾಟ್ ಮಷಿನ್‌ಗಳಲ್ಲಿ ಕೆಲಸವಿಲ್ಲದೆ ನೇತಾಡುವ ಜಪಾನಿನ ಚಾಡೆಮೊ ಮಾದರಿಯ ಗನ್ ಇರುತ್ತದಲ್ಲ, ಅಲ್ಲಿ ಒಳಗಿನ ಪವರ್ ಮಾಡ್ಯೂಲ್ 300-400 ವೋಲ್ಟಿನ ಕಾರಿಗೆ ಸಾಕು. ತಯಾರಿಸಿದ ಕಂಪನಿ ಕಿಟ್ ಕೊಟ್ಟರೆ ಕೇಬಲ್, ಕಂಟ್ರೋಲರ್ ಬೋರ್ಡ್, ಸಾಫ್ಟ್‌ವೇರ್ ಬದಲಾಯಿಸಿ ಎರಡನೇ ಸಿಸಿಎಸ್-2 ಗನ್ ಮಾಡಿಕೊಳ್ಳಬಹುದು. ಗನ್ ಎರಡಾದರೂ ಒಂದು ಸಲಕ್ಕೆ ಒಂದೇ ಕಾರಿಗೆ ಡಿಸಿ ಕೊಡುವ ಹಳೇ ಮಷಿನ್‌ಗಳು ಬಹಳ ಇವೆ, ಅದನ್ನು ಮೊದಲೇ ಕೇಳಿಕೊಳ್ಳಿ.

ಎಸಿ ಚಾರ್ಜಿಂಗ್ (ಮನೆಯ ಕರೆಂಟಿನಂಥದ್ದರಿಂದ, ನಿಧಾನವಾಗಿ) ಇನ್ನೂ ಸುಲಭ. ಅಲ್ಲಿ ಅಸಲಿ ಚಾರ್ಜರ್ ಕಾರಿನೊಳಗೇ ಇರುತ್ತದೆ, ಗೋಡೆ ಮೇಲಿರುವುದು ಬುದ್ಧಿ ಇರುವ ಒಂದು ಸ್ವಿಚ್ ಅಷ್ಟೇ. ನಿಮ್ಮ ಬೇಸ್‌ಮೆಂಟಲ್ಲೂ ನಾನಾದರೆ ಹಳೇ ಡಿಸಿ ಪೆಟ್ಟಿಗೆ ತೆಗೆದು, ಅದೇ ಲೈನ್, ಅದೇ ಮೀಟರ್, ಅದೇ ಅರ್ಥಿಂಗ್ ಇಟ್ಟುಕೊಂಡು ಟೈಪ್-2 ಗನ್ನಿನ ಎಸಿ ಚಾರ್ಜರ್ ಹಾಕಿಸುತ್ತೇನೆ. ಎಂಸಿಬಿ, ಆರ್‌ಸಿಡಿ (ಕರೆಂಟ್ ಸೋರಿದರೆ ಕಡಿದುಹಾಕುವ ಸ್ವಿಚ್) ಹೊಸದಾಗಿ ಆಗಬೇಕು. ಅರ್ಥಿಂಗ್ ಅಳತೆ ಮಾಡಿಸದೆ ಮುಂದುವರಿಯಬೇಡಿ. ಆಫೀಸಲ್ಲಿ ಕಾರು ದಿನವಿಡೀ ನಿಂತೇ ಇರುತ್ತದೆ, ಫಾಸ್ಟ್ ಚಾರ್ಜಿಂಗ್ ಯಾಕೆ ಬೇಕು ಹೇಳಿ?

ಆ 72 ವೋಲ್ಟ್ ಪೆಟ್ಟಿಗೆ ಸ್ಕೂಟರ್‌ಗಾದರೂ ಆಗುತ್ತಾ ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ವೋಲ್ಟೇಜ್ ಲೆಕ್ಕದಲ್ಲಿ ಕಾರಿಗಿಂತ ಸ್ಕೂಟರೇ ಅದಕ್ಕೆ ಹತ್ತಿರ. ಬೆಂಗಳೂರಿನ ಸ್ಕೂಟರ್ ಕಂಪನಿ ಏಥರ್ ಮಾಡಿದ ಕನೆಕ್ಟರ್‌ಗೆ 2023ರಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನ್ಯತೆ ಸಿಕ್ಕಿದೆ, ಹೀರೋದ ವಿಡಾ ಸ್ಕೂಟರ್ ಕೂಡ ಅದನ್ನೇ ಬಳಸುತ್ತದೆ. ಆದರೆ ಅಲ್ಲೂ ಮಾತುಕತೆಯ ನಿಯಮ ಬೇರೆ, ಕಂಟ್ರೋಲರ್ ಬದಲಾಗಲೇಬೇಕು. ಆ ಖರ್ಚಿಗೆ ಹೊಸ ಸ್ಕೂಟರ್ ಚಾರ್ಜರ್ ಬೆಲೆಯನ್ನೇ ಮೊದಲು ವಿಚಾರಿಸಿ. ಇನ್ನು ಬ್ಯಾಟರಿಯನ್ನು ಮನೆಯೊಳಗೆ ಒಯ್ದು 5 ಆಂಪ್ ಪ್ಲಗ್‌ಗೆ ಹಾಕುವ ಸ್ಕೂಟರ್ ನಿಮ್ಮದಾಗಿದ್ದರೆ, ಈ ಯಾವ ತಲೆನೋವೂ ನಿಮಗಿಲ್ಲ.