ಕಂಪನಿಯೇ ಬೈಕ್ ಪಾಲಿಸಿ ರದ್ದು ಮಾಡಿದೆ, ಆದರೂ ಬಾಕಿ ಕಟ್ಟಬೇಕಾ?

ಪ್ರಶ್ನೆ: ನನ್ನ ಬೈಕಿನ ಇನ್ಶೂರೆನ್ಸನ್ನು ಕಂಪನಿಯವರೇ ರದ್ದು ಮಾಡಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಈಗ ಇನ್ನೂ ಹಣ ಬಾಕಿ ಇದೆ ಅಂತ ಬಿಲ್ ಬಂದಿದೆ. ಪಾಲಿಸಿಯೇ ಇಲ್ಲದ ಮೇಲೆ ಯಾಕೆ ಕಟ್ಟಬೇಕು?

ಉತ್ತರ: ರದ್ದಾಗುವ ದಿನದವರೆಗೆ ನಿಮ್ಮ ಬೈಕಿಗೆ ರಕ್ಷಣೆ ಇತ್ತಲ್ವಾ, ಅಷ್ಟು ದಿನದ ದುಡ್ಡು ಕಂಪನಿಗೆ ಸೇರಬೇಕಾದದ್ದೇ. ಜಗಳ ಇರುವುದು ಅದರಾಚೆಗಿನ ಮೊತ್ತದ ಮೇಲೆ. ಅದನ್ನು ಯಾವ ಲೆಕ್ಕದಲ್ಲಿ ಹಾಕಿದ್ದಾರೆ ಅಂತ ತಿಳಿಯದೆ ಕಟ್ಟಲೂಬೇಡಿ, ಕಟ್ಟಲ್ಲ ಅಂತ ಸುಮ್ನೆ ಕೂರಲೂಬೇಡಿ.

ಲೆಕ್ಕ ಹೇಗೆ ತಿರುಗುತ್ತದೆ ನೋಡಿ. ವರ್ಷದ ಪ್ರೀಮಿಯಂ 3,650 ಅಂತಿಟ್ಟುಕೊಳ್ಳಿ. ದಿನಕ್ಕೆ 10 ಬಿತ್ತು. ನೀವು ಕಂತುಗಳಲ್ಲಿ 1,200 ಕಟ್ಟಿದ್ದೀರಿ. 100 ದಿನ ಕಳೆದ ಮೇಲೆ ಪಾಲಿಸಿ ರದ್ದಾಯಿತು. ಬರೀ ದಿನದ ಲೆಕ್ಕ ಹಿಡಿದರೆ ಕಂಪನಿಗೆ ಸೇರಬೇಕಾದದ್ದು 1,000. ಅಂದರೆ ನಿಮಗೇ 200 ವಾಪಸ್ ಬರಬೇಕು. ಇನ್ನೊಂದು ಲೆಕ್ಕವೂ ಇದೆ. ಅದರಲ್ಲಿ ಉಳಿದ ಪ್ರೀಮಿಯಂನಿಂದ ಒಂದು ಪಾಲನ್ನು ದಂಡವಾಗಿ ಹಿಡಿದುಕೊಳ್ಳುತ್ತಾರೆ. ಉಳಿದ 2,650ರಲ್ಲಿ ಶೇ. 10 ಅಂದರೆ 265. ಈಗ ನಿಮ್ಮ ಲೆಕ್ಕ 1,265ಕ್ಕೆ ಏರಿತು. 200 ವಾಪಸ್ ಬರಬೇಕಿದ್ದವರ ತಲೆಗೆ 65 ಬಾಕಿ ಕಟ್ಟಿದರು! ರದ್ದತಿ ಶುಲ್ಕ, ಕಂತಿನ ಶುಲ್ಕ ಬಂದರೆ ಅದು ಬೇರೆ.

ಹೀಗೆ ದಂಡ ಹಿಡಿಯುವುದು ಸಾಮಾನ್ಯವಾಗಿ ಗ್ರಾಹಕರೇ ಪಾಲಿಸಿ ಬೇಡ ಅಂದಾಗ. ಕಂಪನಿ ತಾನಾಗಿ ರದ್ದು ಮಾಡಿದರೆ ಹೆಚ್ಚಿನ ಪಾಲಿಸಿಗಳಲ್ಲಿ ದಿನದ ಲೆಕ್ಕವೇ ನಡೆಯಬೇಕು. ಆದರೆ ಕಂತು ತಪ್ಪಿದ್ದಕ್ಕೆ ರದ್ದಾದರೆ ಕೆಲವರು ಅದನ್ನು ಗ್ರಾಹಕರ ಲೆಕ್ಕಕ್ಕೇ ಹಾಕುತ್ತಾರೆ. ನನ್ನ ಪ್ರಕಾರ ಇಂಥ ಬಿಲ್‌ನಲ್ಲಿ ಮೊದಲು ಅನುಮಾನಿಸಬೇಕಾದ ಜಾಗ ಇದೇ. ಪಾಲಿಸಿ ಪತ್ರದಲ್ಲಿ ರದ್ದತಿಯ ಷರತ್ತು ಇರುತ್ತದೆ. ಅದನ್ನು ಓದಿ. ದಂಡದ ಮಾತು ಅಲ್ಲಿ ಇಲ್ಲದಿದ್ದರೆ ಯಾವ ಆಧಾರದ ಮೇಲೆ ಹಾಕಿದಿರಿ ಅಂತ ಕೇಳಿ.

ಬೈಕ್ ಪಾಲಿಸಿಗಳಲ್ಲಿ ಇನ್ನೊಂದು ವಿಚಿತ್ರ ಇದೆ. ಚಳಿಗಾಲದಲ್ಲಿ ಬೈಕ್ ಮೂಲೆ ಸೇರುವ ದೇಶಗಳಲ್ಲಿ ಕೆಲವು ಕಂಪನಿಗಳು ಓಡಿಸುವ ತಿಂಗಳುಗಳಿಗೆ ಪ್ರೀಮಿಯಂ ಜಾಸ್ತಿ, ನಿಲ್ಲಿಸಿಡುವ ತಿಂಗಳುಗಳಿಗೆ ಕಡಿಮೆ ಹಿಡಿಯುತ್ತವೆ. ಬೇಸಿಗೆ ಮುಗಿದ ಮೇಲೆ ರದ್ದಾದರೆ ವಾಪಸ್ ಬರುವುದು ಅಷ್ಟಕ್ಕಷ್ಟೇ. ಪಾಲಿಸಿ ಚಾಲ್ತಿಯಲ್ಲಿದ್ದಾಗ ಕ್ಲೇಮ್ ಮಾಡಿದ್ದರೂ ಹುಷಾರು. ವರ್ಷದ ಪೂರ್ತಿ ಪ್ರೀಮಿಯಂ ಕೇಳುವ ಷರತ್ತು ಎಷ್ಟೋ ಪಾಲಿಸಿಗಳಲ್ಲಿ ಇರುತ್ತದೆ.

ಇನ್ನು ತಾರೀಖು. ನೋಟಿಸ್ ಕಳಿಸಿದ ದಿನ ಬೇರೆ, ರಕ್ಷಣೆ ನಿಂತ ದಿನ ಬೇರೆ. ಯಾವ ದಿನದವರೆಗೆ ಹಣ ಕೇಳುತ್ತಿದ್ದಾರೋ ಆ ದಿನದವರೆಗೂ ರಕ್ಷಣೆ ಇತ್ತು ಅಂತ ಅವರು ಒಪ್ಪಬೇಕು. ಅದಕ್ಕೂ ಮೊದಲೇ ಬೈಕ್ ಮಾರಿದ್ದರೆ ಅಥವಾ ಬೇರೆ ಕಡೆ ಪಾಲಿಸಿ ತೆಗೆದುಕೊಂಡಿದ್ದರೆ ಅದರ ಕಾಗದ ಕಳಿಸಿ, ಆ ದಿನದಿಂದಲೇ ರದ್ದು ಮಾಡಿ ಅಂತ ಕೇಳಬಹುದು. ಎಲ್ಲರೂ ಒಪ್ಪಲ್ಲ, ಆದರೆ ಕೇಳುವುದರಲ್ಲಿ ನಷ್ಟ ಇಲ್ಲ.

ಫೋನಿನಲ್ಲಿ ವಾದ ಮಾಡಬೇಡಿ, ಬರೆದು ಕೇಳಿ. ರದ್ದಾದ ದಿನ, ಕಾರಣ, ದಿನದ ದರ, ಪ್ರತಿಯೊಂದು ಶುಲ್ಕ, ನೀವು ಕಟ್ಟಿದ ಪ್ರತಿ ಕಂತು, ಎಲ್ಲ ಬಿಡಿಸಿ ಕೊಡಿ ಅನ್ನಿ. ಬಂದ ಮೇಲೆ ಒಪ್ಪುವ ಭಾಗವನ್ನು ಕಟ್ಟಿ, ಉಳಿದದ್ದಕ್ಕೆ ತಕರಾರು ಇದೆ ಅಂತ ದಾಖಲಿಸಿ. ಆಗ ಬಾಕಿ ಉಳಿಸಿಕೊಂಡವರು ಅನ್ನುವ ಮಾತು ನಿಮ್ಮ ಮೇಲೆ ಸುಲಭವಾಗಿ ಅಂಟಲ್ಲ. ತಕರಾರು ಇದ್ದಾಗಲೇ ವಸೂಲಿಯವರಿಗೆ ಒಪ್ಪಿಸಿದರೆ ಅದೇ ಪತ್ರದ ಪ್ರತಿಯನ್ನು ಅವರಿಗೂ ಕಳಿಸಿ. ಕಂಪನಿಯ ದೂರು ವಿಭಾಗದಲ್ಲಿ ಬಗೆಹರಿಯದಿದ್ದರೆ, ಹಲವು ದೇಶಗಳಲ್ಲಿ ವಿಮಾ ಒಂಬುಡ್ಸ್‌ಮನ್ (ಗ್ರಾಹಕರ ಮತ್ತು ಕಂಪನಿಯ ತಕರಾರು ಬಗೆಹರಿಸುವವರು) ಅಥವಾ ನಿಯಂತ್ರಣ ಸಂಸ್ಥೆಗೆ ದೂರು ಕೊಡಬಹುದು. ಹೆಚ್ಚಿನ ಕಡೆ ಮೊದಲು ಕಂಪನಿಗೇ ದೂರು ಕೊಟ್ಟಿರಬೇಕು, ಗಡುವೂ ಇರುತ್ತದೆ.

ಬ್ಯಾಂಕಿನಲ್ಲಿ ಆಟೋ ಡೆಬಿಟ್ ನಿಲ್ಲಿಸಿದರೆ ಸಾಲದಾ ಅಂತ ಹಲವರು ಕೇಳುತ್ತಾರೆ. ಸಾಲದು. ಹಣ ಹೋಗುವುದು ನಿಲ್ಲುತ್ತದೆ, ಅವರ ಪುಸ್ತಕದಲ್ಲಿ ಬಾಕಿ ಹಾಗೇ ಇರುತ್ತದೆ.

ಬಿಲ್‌ಗಿಂತ ದುಬಾರಿಯಾಗುವುದು ಎಷ್ಟೋ ಸಲ ರದ್ದತಿಯ ದಾಖಲೆ. ಮುಂದಿನ ಕಂಪನಿ, ಈ ಹಿಂದೆ ಯಾರಾದರೂ ನಿಮ್ಮ ಪಾಲಿಸಿ ರದ್ದು ಮಾಡಿದ್ದಾರಾ ಅಂತ ಕೇಳಬಹುದು. ಸುಳ್ಳು ಹೇಳಿದರೆ ಮುಂದೆ ಕ್ಲೇಮ್ ಕೈತಪ್ಪಬಹುದು. ಹೌದು ಅಂದರೆ ಪ್ರೀಮಿಯಂ ಏರಬಹುದು. ಹಾಗಾಗಿ ಅವರ ಕಡೆಯ ಎಡವಟ್ಟಿನಿಂದ ಕಂತು ಜಮೆಯಾಗದೆ ರದ್ದಾಗಿದ್ದರೆ ಬರೀ ಮೊತ್ತಕ್ಕೆ ಜಗಳ ಆಡಬೇಡಿ. ರದ್ದತಿಯನ್ನೇ ದಾಖಲೆಯಿಂದ ತೆಗೆಯಿರಿ, ತೆಗೆದದ್ದಕ್ಕೆ ಪತ್ರ ಕೊಡಿ ಅಂತ ಕೇಳಿ. ಇದೆಲ್ಲ ಮುಗಿಯುವವರೆಗೆ, ಹೊಸ ಪಾಲಿಸಿ ಕೈಗೆ ಬರದೆ ಬೈಕ್ ರಸ್ತೆಗೆ ಇಳಿಸಬೇಡಿ.